ಪಿಎಫ್ ಪಿಂಚಣಿ ಈಗಲೇ ತಗೊಳ್ಳಿ ಅಂತ ಎಐ ಹೇಳುತ್ತಿದೆ. ಲೆಕ್ಕ ನಂಬಬಹುದಾ?

ಪೀಣ್ಯ ಫಿಟ್ಟರ್:
ಎಲ್ಲರಿಗೂ ನಮಸ್ಕಾರ. ನನಗೆ 53 ವರ್ಷ. 2007ರ ಜೂನ್‌ನಿಂದ 2025ರ ಆಗಸ್ಟ್‌ವರೆಗೆ ಒಂದೇ ಕಾರ್ಖಾನೆಯಲ್ಲಿದ್ದೆ. ಆಮೇಲೆ ಯೂನಿಟ್ ಮುಚ್ಚಿದರು. ಪಿಎಫ್ ಹಣದ ವಿಷಯ ಬಿಡಿ, ನನ್ನ ಪ್ರಶ್ನೆ ಪಿಂಚಣಿಯದು. ಮಗಳು ಫೋನಿನಲ್ಲಿ ಒಂದು ಎಐ ಆ್ಯಪ್ ಹಾಕಿಕೊಟ್ಟಿದ್ದಾಳೆ. ಅದರಲ್ಲಿ ಕೇಳಿದೆ. ಬಂದ ಉತ್ತರ ಇದು:

"ನಿಮ್ಮ ಪಿಂಚಣಿ ಸಂಬಳ 15,000. ಸೇವೆ 18 ವರ್ಷ. 15,000 × 18 ÷ 70 = 3,857 ರೂಪಾಯಿ. 58ಕ್ಕಿಂತ ಮೊದಲು ಪಡೆದರೆ ವರ್ಷಕ್ಕೆ ಶೇ 3ರಂತೆ 5 ವರ್ಷಕ್ಕೆ ಶೇ 15 ಕಡಿತ. ತಿಂಗಳಿಗೆ 3,278 ರೂಪಾಯಿ ಸಿಗುತ್ತದೆ. ನಿಮ್ಮ ಪರಿಸ್ಥಿತಿಯಲ್ಲಿ ಈಗಲೇ ಪಡೆಯುವುದು ಒಳ್ಳೆಯದು."

ಮನೆಯವಳು ಫಾರ್ಮ್ ಹಾಕಿ ಅನ್ನುತ್ತಿದ್ದಾಳೆ. ಲೆಕ್ಕ ನೀಟಾಗಿದೆ, ಆದರೂ ಯಾಕೋ ಧೈರ್ಯ ಬರುತ್ತಿಲ್ಲ. ತಿಳಿದವರು ಒಮ್ಮೆ ನೋಡಿ ಹೇಳಿ. ಪಾಸ್‌ಬುಕ್ ಸ್ಕ್ರೀನ್‌ಶಾಟ್ ಕೆಳಗೆ ಹಾಕಿದ್ದೇನೆ.

ನಿರ್ವಾಹಕರು:
ಸ್ಕ್ರೀನ್‌ಶಾಟ್‌ನಲ್ಲಿ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ), ಹೆಸರು, ಹುಟ್ಟಿದ ದಿನ ಮೂರೂ ಕಾಣುತ್ತಿತ್ತು. ತೆಗೆದಿದ್ದೇವೆ. ದಯವಿಟ್ಟು ಯಾರೂ ಇಂಥದ್ದನ್ನು ಇಲ್ಲಿ ಹಾಕಬೇಡಿ. ವರ್ಷ ಮತ್ತು ಮೊತ್ತ ಹೇಳಿದರೆ ಸಾಕು.

ಟೈಮ್ ಆಫೀಸ್ ಹಳಬ:
ಪಿಂಚಣಿ ಕೇಳುವ ಫಾರ್ಮ್ 10ಡಿ ಇನ್ನೂ ಹಾಕಿಲ್ಲ ಅಲ್ವಾ? ಸದ್ಯ ಹಾಕಬೇಡಿ. ನಾನು ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಪಿಎಫ್ ಕೆಲಸವನ್ನೇ ಮಾಡಿಕೊಂಡು ರಿಟೈರ್ ಆದವನು. ಈ ಲೆಕ್ಕದಲ್ಲಿ ಎರಡು ತಪ್ಪಿದೆ.

ಮೊದಲನೆಯದು ದೊಡ್ಡದು. ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳದ ಮಿತಿ 15,000 ಆದದ್ದು 2014ರ ಸೆಪ್ಟೆಂಬರ್ 1ರಿಂದ. ಅದಕ್ಕೆ ಮುಂಚೆ ಮಿತಿ 6,500. ನಿಮ್ಮ ಹಳೆಯ ವರ್ಷಗಳಿಗೆ ಹಳೆಯ ಮಿತಿ, ಹೊಸ ವರ್ಷಗಳಿಗೆ ಹೊಸ ಮಿತಿ. ಪಿಎಫ್ ಕಚೇರಿಯಲ್ಲಿ ಇದಕ್ಕೆ ಪ್ರೊ ರೇಟಾ ಅನ್ನುತ್ತಾರೆ. ನಿಮ್ಮದು 2014ರ ಆಗಸ್ಟ್‌ವರೆಗೆ 7 ವರ್ಷ, ಆಮೇಲೆ 11 ವರ್ಷ. 6,500 × 7 = 45,500. 15,000 × 11 = 1,65,000. ಎರಡೂ ಸೇರಿ 2,10,500. ಅದನ್ನು 70ರಿಂದ ಭಾಗಿಸಿದರೆ 3,007 ರೂಪಾಯಿ. ನಿಮ್ಮ ಆ್ಯಪ್ ಹೇಳಿದ 3,857 ಅಲ್ಲ.

ಎರಡನೆಯದು ಕಡಿತ. ವರ್ಷಕ್ಕೆ ಶೇ 3 ಇದ್ದದ್ದು ನಿಜ, ಆದರೆ 2008ರ ಸೆಪ್ಟೆಂಬರ್‌ಗೆ ಮುಂಚೆ. ಈಗ ಶೇ 4. ಐದು ವರ್ಷ ಮುಂಚೆ ತೆಗೆದುಕೊಂಡರೆ ಹತ್ತಿರ ಹತ್ತಿರ ಐದನೇ ಒಂದು ಭಾಗ ಹೋಗುತ್ತದೆ. ಕೈಗೆ ಬರುವುದು 2,400 ಚಿಲ್ಲರೆ.

3,278 ಎಲ್ಲಿ, 2,400 ಎಲ್ಲಿ! ಇದು ಜೀವನಪೂರ್ತಿಯ ಮೊತ್ತ. 58 ತುಂಬಿದ ಮೇಲೆ ಕಡಿತ ತೆಗೆದುಹಾಕುತ್ತಾರೆ ಅಂತ ಕೆಲವರು ಅಂದುಕೊಂಡಿದ್ದಾರೆ. ತೆಗೆಯುವುದಿಲ್ಲ.

ಪೀಣ್ಯ ಫಿಟ್ಟರ್:
ಸರ್, ಹಾಗಾದರೆ 58ರವರೆಗೆ ಕಾಯುವುದೇ ಸರಿಯಾ?

ಟೈಮ್ ಆಫೀಸ್ ಹಳಬ:
ಹಾಗೂ ಹೇಳಲಾರೆ. ಈಗ ತೆಗೆದುಕೊಂಡರೆ ಐದು ವರ್ಷದಲ್ಲಿ ಸುಮಾರು 1,44,000 ಕೈಗೆ ಬರುತ್ತದೆ. ಕಾದರೆ ತಿಂಗಳಿಗೆ 600 ಜಾಸ್ತಿ. ಬಿಟ್ಟ 1,44,000 ಆ 600ರಲ್ಲಿ ವಾಪಸ್ ಬರಲು 20 ವರ್ಷ ಬೇಕು. ಅಂದರೆ ನಿಮಗೆ 78 ಆಗಬೇಕು. ಮನೆಗೆ ಈಗಲೇ ದುಡ್ಡು ಬೇಕಿದ್ದರೆ ಈಗ ತೆಗೆದುಕೊಳ್ಳುವುದು ದಡ್ಡತನವೇನೂ ಅಲ್ಲ.

ಆದರೆ ನನ್ನ ಪ್ರಶ್ನೆ ಬೇರೆ. ಮುಂದೆ ಎಲ್ಲಾದರೂ ಕೆಲಸಕ್ಕೆ ಸೇರುವ ಯೋಚನೆ ಇದೆಯಾ ಅಂತ ಆ ಆ್ಯಪ್ ಕೇಳಿತಾ? ನಿಮ್ಮದು 18 ವರ್ಷ. ಪಿಎಫ್ ಕಟ್ಟುವ ಯಾವುದಾದರೂ ಕಡೆ ಇನ್ನೆರಡು ವರ್ಷ ದುಡಿದರೆ 20 ಆಗುತ್ತದೆ. 20 ತುಂಬಿದವರಿಗೆ ಸೇವೆಗೆ 2 ವರ್ಷ ಬೋನಸ್ ಸೇರಿಸುತ್ತಾರೆ. ಬೋನಸ್ ಬಿಟ್ಟರೂ ನಿಮ್ಮ ಲೆಕ್ಕ 3,400 ದಾಟುತ್ತದೆ. ಆಗ ಈಗಲೇ 10ಡಿ ಹಾಕುವುದಕ್ಕಿಂತ ಹಳೆ ಸೇವೆಯನ್ನು ಮುಂದಿನ ಕೆಲಸಕ್ಕೆ ಜೋಡಿಸಲು ಬರುವ ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಂಡು ಇಟ್ಟುಕೊಳ್ಳುವುದು ಲೇಸು.

ಪೀಣ್ಯ ಫಿಟ್ಟರ್:
ಕೇಳಲಿಲ್ಲ ಸರ್. ಜಿಗಣಿ ಕಡೆ ಒಂದು ವರ್ಕ್‌ಶಾಪ್‌ನವರು ಬನ್ನಿ ಅಂತ ಕರೆಯುತ್ತಿದ್ದಾರೆ. ಅದನ್ನು ನಾನೂ ಆ್ಯಪ್‌ಗೆ ಹೇಳಲಿಲ್ಲ. ಪಿಂಚಣಿಗೂ ಅದಕ್ಕೂ ಸಂಬಂಧ ಇದೆ ಅಂತ ಗೊತ್ತಿದ್ದರೆ ತಾನೇ ಹೇಳುವುದು?

ರಾತ್ರಿ ಪಾಳಿ:
ಇದೇ ಪಾಯಿಂಟು. ಏನು ಕೇಳಬೇಕು ಅಂತ ಗೊತ್ತಿದ್ದವನಿಗೆ ಎಐ ಬೇಡ. ಗೊತ್ತಿಲ್ಲದವನಿಗೆ ಅದು ಅರ್ಧ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುತ್ತದೆ.

ಕೋಡ್ ಕುಟ್ಟುವವ:
ಸ್ವಲ್ಪ ಆ ಕಡೆಯ ವಾದವನ್ನೂ ಹೇಳುತ್ತೇನೆ, ಬೈಯಬೇಡಿ. ಇದೇ ಪ್ರಶ್ನೆಯನ್ನು ನಾನು ಬೇರೆ ಥರ ಕೇಳಿದೆ. 1995ರ ಪಿಂಚಣಿ ಯೋಜನೆಯ ನಿಯಮ ಪುಸ್ತಕದ ಪಿಡಿಎಫ್ ಕೊಟ್ಟೆ. ಇದರಲ್ಲಿ ಇರುವುದನ್ನು ಮಾತ್ರ ಬಳಸು, ಲೆಕ್ಕ ಮಾಡುವ ಮುಂಚೆ ನಿನಗೆ ಬೇಕಾದ ವಿವರ ಕೇಳು ಅಂದೆ. ಆಗ 2014ರ ಮಿತಿ ಹಿಡಿಯಿತು, ಶೇ 4 ಹಿಡಿಯಿತು, ಕೆಲಸಕ್ಕೆ ಮತ್ತೆ ಸೇರುತ್ತೀರಾ ಅಂತಲೂ ಕೇಳಿತು. ಉಪಕರಣ ಕೆಟ್ಟದ್ದಲ್ಲ. ಬಳಸುವ ರೀತಿ ಸರಿ ಇರಬೇಕು.

ಟೈಮ್ ಆಫೀಸ್ ಹಳಬ:
ನಿಯಮ ಪುಸ್ತಕ ಹುಡುಕಿ ಅಪ್‌ಲೋಡ್ ಮಾಡುವಷ್ಟು ತಿಳಿವಳಿಕೆ ಇರುವವರು ಈ ಪ್ರಶ್ನೆ ಕೇಳುತ್ತಾರಾ ತಮ್ಮಾ? ಫಿಟ್ಟರ್ ಕೆಲಸ ಮಾಡಿದವರು ಪ್ರಾಂಪ್ಟ್ ಬರೆಯುವುದನ್ನೂ ಕಲಿಯಬೇಕಾ?

ಕೋಡ್ ಕುಟ್ಟುವವ:
ಒಪ್ಪಿದೆ ಸರ್. ಯಾಕೆ ಹೀಗಾಗುತ್ತದೆ ಅಂತ ಮಾತ್ರ ಹೇಳುತ್ತೇನೆ. ಇವು ನಿಯಮ ನೋಡಿ ಉತ್ತರ ಕೊಡುವ ಯಂತ್ರಗಳಲ್ಲ. ಓದಿದ ರಾಶಿ ಬರಹದಲ್ಲಿ ಯಾವ ಮಾತಿನ ಹಿಂದೆ ಯಾವ ಮಾತು ಬರುತ್ತದೆ ಎಂಬ ರೂಢಿಯ ಮೇಲೆ ವಾಕ್ಯ ಕಟ್ಟುತ್ತವೆ. "15,000 ಗುಣಿಸು ಸೇವೆ ಭಾಗಿಸು 70" ಅನ್ನುವುದು ಸಾವಿರಾರು ಕಡೆ ಇದೆ. ಪ್ರೊ ರೇಟಾ ವಿಷಯ ಕೆಲವೇ ಕಡೆ ಇದೆ. ಹಾಗಾಗಿ ಜಾಸ್ತಿ ಕಡೆ ಇರುವುದು ಗೆಲ್ಲುತ್ತದೆ. ಈಗಿನ ಕೆಲವು ಆ್ಯಪ್‌ಗಳು ಇಂಟರ್‌ನೆಟ್ ಹುಡುಕಿಯೂ ಹೇಳುತ್ತವೆ. ಆದರೆ ಅಲ್ಲಿ ಮೊದಲು ಸಿಗುವುದೂ ಯಾರೋ 2012ರಲ್ಲಿ ಬರೆದು ಬಿಟ್ಟ ಪುಟವೇ ಆಗಿರಬಹುದು.

ಇನ್ನೊಂದು ರೋಗ ಇದೆ. ಅದು ಸರಿ ಹೇಳಿದಾಗಲೂ "ಅಲ್ಲ, ಶೇ 3 ಅಲ್ವಾ?" ಅಂತ ಗಟ್ಟಿಯಾಗಿ ಕೇಳಿ ನೋಡಿ. ಎಷ್ಟೋ ಸಲ "ಕ್ಷಮಿಸಿ, ನೀವು ಹೇಳಿದ್ದು ಸರಿ" ಎಂದು ತಲೆಯಾಡಿಸುತ್ತದೆ. ಮದುವೆ ಮನೆಯಲ್ಲಿ ಎಲ್ಲರ ಮಾತಿಗೂ ಹೌದು ಹೌದು ಅನ್ನುವ ಭಾವನ ಥರ. ನಮಗೆ ಮೊದಲೇ ಒಂದು ಆಸೆ ಇದ್ದರೆ ಆ ಆಸೆಯನ್ನೇ ಲೆಕ್ಕ ಹಾಕಿ ತೋರಿಸುತ್ತದೆ.

ಹಾಸನದ ಮೇಷ್ಟ್ರು:
ನಮ್ಮ ಸ್ಟಾಫ್ ರೂಮಿನಲ್ಲೂ ಇದೇ ಕತೆ. ಸರ್ಕಾರಿ ನೌಕರರ ವಿಷಯದಲ್ಲಿ ಎಐಗೆ ಆಗುವ ಗೊಂದಲ ಇನ್ನೂ ಮಜಾ. ಅದಕ್ಕೆ ಸರ್ಕಾರ ಅಂದರೆ ಕೇಂದ್ರ ಸರ್ಕಾರ.

ಕೇಂದ್ರದಲ್ಲಿ 2004ರ ಜನವರಿ 1ರಿಂದ ಸೇರಿದವರಿಗೆ ಹಳೆ ಪಿಂಚಣಿ ಬದಲು ಎನ್‌ಪಿಎಸ್, ಅಂದರೆ ತಿಂಗಳು ತಿಂಗಳು ಹಣ ಕಟ್ಟುವ ಹೊಸ ಪಿಂಚಣಿ ಯೋಜನೆ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ. ನಮ್ಮ ಸಹೋದ್ಯೋಗಿಯೊಬ್ಬರು 2005ರಲ್ಲಿ ಸೇರಿದವರು, ಹಳೆ ಪಿಂಚಣಿಯವರು. ಅವರಿಗೆ ಒಂದು ಚಾಟ್‌ಬಾಟ್ "ನೀವು ಎನ್‌ಪಿಎಸ್ ವ್ಯಾಪ್ತಿಗೆ ಬರುತ್ತೀರಿ" ಎಂದು ಹೇಳಿತು. ಅವರು ನಕ್ಕು ಸುಮ್ಮನಾದರು. ಆದರೆ 2007ರಲ್ಲಿ ಸೇರಿದ ಇನ್ನೊಬ್ಬರಿಗೆ ಅದೇ ಬಾಟ್ ಯುಪಿಎಸ್ (ಏಕೀಕೃತ ಪಿಂಚಣಿ ಯೋಜನೆ) ವಿಷಯ ಹೇಳಿತು. 25 ವರ್ಷ ಸೇವೆ ಆದರೆ ಕೊನೆಯ 12 ತಿಂಗಳ ಮೂಲ ವೇತನದ ಸರಾಸರಿಯಲ್ಲಿ ಅರ್ಧ ಪಿಂಚಣಿ, ಖಚಿತ ಅಂತ. ಅವರು ಖುಷಿಯಾಗಿ ಎಲ್ಲರಿಗೂ ಫಾರ್ವರ್ಡ್ ಮಾಡಿದರು. ಯುಪಿಎಸ್ 2025ರ ಏಪ್ರಿಲ್ 1ರಿಂದ ಬಂದದ್ದು ಕೇಂದ್ರ ನೌಕರರಿಗೆ. ರಾಜ್ಯದ ಮೇಷ್ಟ್ರಿಗೆ ಅದು ತಾನಾಗಿ ಬರುವುದಿಲ್ಲ.

ಇದರೊಳಗೆ ಇನ್ನೊಂದು ಒಳಸುಳಿ ಇದೆ. ನೇಮಕಾತಿ ಅಧಿಸೂಚನೆ 2006ರ ಏಪ್ರಿಲ್ 1ಕ್ಕೆ ಮೊದಲೇ ಹೊರಟು, ಕೆಲಸಕ್ಕೆ ಸೇರಿದ್ದು ಆಮೇಲೆ ಆದವರಿಗೆ ಹಳೆ ಪಿಂಚಣಿಗೆ ಬರಲು 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಆದೇಶ ಮಾಡಿತು. ಸುಮಾರು 13 ಸಾವಿರ ನೌಕರರಿಗೆ ಅನುಕೂಲ ಅಂತ ಆಗ ಹೇಳಿದ್ದರು. ಅಂದರೆ ಸೇರಿದ ದಿನವೊಂದನ್ನೇ ನೋಡಿ ಯಾರೂ ತೀರ್ಮಾನ ಹೇಳುವಂತಿಲ್ಲ. ಅಧಿಸೂಚನೆ ಹೊರಟ ದಿನಾಂಕವೂ ಬೇಕು. ಅದನ್ನು ಕೇಳುವ ಬಾಟ್ ಇನ್ನೂ ನನಗೆ ಸಿಕ್ಕಿಲ್ಲ. ನಮ್ಮ ಸಂಬಳ ಬಟವಾಡೆ ಮಾಡುವ ಡಿಡಿಒ ಆಫೀಸಿನ ಗುಮಾಸ್ತರು ಮೊದಲು ಕೇಳುವುದೇ ಅದನ್ನು.

ರಾತ್ರಿ ಪಾಳಿ:
ಗುಮಾಸ್ತರು ಕೇಳುತ್ತಾರೆ ಸರಿ. ಟೇಬಲ್ ಹತ್ತಿರ ಸಿಗಬೇಕಲ್ಲ ಮೇಷ್ಟ್ರೇ? ರಾತ್ರಿ 11ಕ್ಕೆ ಉತ್ತರ ಕೊಡುವುದು ಎಐ ಮಾತ್ರ. ಜನ ಅದರ ಹತ್ತಿರ ಹೋಗುವುದು ಯಾಕೆ ಅಂತಲೂ ನೋಡಿ.

ಹಾಸನದ ಮೇಷ್ಟ್ರು:
ಅದು ನಿಜ. ಸೇವಾ ದಾಖಲೆಯ ಎಸ್‌ಆರ್ ಪುಸ್ತಕ ನೋಡಲು ಬ್ಲಾಕ್ ಆಫೀಸಿಗೆ ರಜೆ ಹಾಕಿ ಹೋಗಬೇಕು. ಫೋನಿನಲ್ಲಿ ಕೇಳಿದರೆ ಯಾರೂ ಗದರುವುದಿಲ್ಲ.

ಕೌಂಟರ್ ನಂಬರ್ 4:
ನಾನು ಬ್ಯಾಂಕಿನಿಂದ ನಿವೃತ್ತಳಾದವಳು. ಹಿರಿಯರ ಠೇವಣಿ ವಿಷಯ ಹೇಳುತ್ತೇನೆ. ನಮ್ಮ ಅಪಾರ್ಟ್‌ಮೆಂಟಿನ ಯಜಮಾನರೊಬ್ಬರು ನಿವೃತ್ತಿ ಹಣ ಎಲ್ಲಿಡಲಿ ಅಂತ ಎಐ ಕೇಳಿ ಪ್ರಿಂಟ್ ತೆಗೆದುಕೊಂಡು ಬಂದಿದ್ದರು. ಮೊದಲ ಸಾಲಿನಲ್ಲೇ ಪ್ರಧಾನ ಮಂತ್ರಿ ವಯ ವಂದನಾ ಯೋಜನೆ. ಆ ಯೋಜನೆಗೆ ಹೊಸಬರನ್ನು ಸೇರಿಸಿಕೊಳ್ಳುವುದು 2023ರ ಮಾರ್ಚ್ 31ಕ್ಕೇ ನಿಂತಿದೆ! ಎರಡನೇ ಸಾಲು ಹಿರಿಯ ನಾಗರಿಕರ ಉಳಿತಾಯ ಯೋಜನೆ, ಮಿತಿ 15 ಲಕ್ಷ. 2023ರ ಏಪ್ರಿಲ್‌ನಿಂದ ಮಿತಿ 30 ಲಕ್ಷ. ಮೂರನೆಯದು ಒಂದೇ ಬ್ಯಾಂಕಿನಲ್ಲಿ ಉಳಿದದ್ದೆಲ್ಲ ಎಫ್‌ಡಿ. ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ ಅನ್ನುವ ಮಾತೇ ಇಲ್ಲ. ಸಣ್ಣ ಸಹಕಾರಿ ಬ್ಯಾಂಕುಗಳಲ್ಲಿ ಹಣ ಇಟ್ಟು ಕಣ್ಣೀರು ಹಾಕಿದವರನ್ನು ಬೆಂಗಳೂರು ನೋಡಿದೆ. ಆ ಮಾತು ಮೊದಲ ಸಾಲಿನಲ್ಲಿ ಬರಬೇಕಿತ್ತು.

ತೆರಿಗೆಯಲ್ಲಿ ಇನ್ನೊಂದು. "12 ಲಕ್ಷದವರೆಗೆ ತೆರಿಗೆ ಇಲ್ಲ" ಅಂತ ಎಲ್ಲ ಬಾಟ್‌ಗಳೂ ಬಾಯಿಪಾಠ ಮಾಡಿಕೊಂಡಿವೆ. ಪಿಂಚಣಿ 6 ಲಕ್ಷ, ತುಮಕೂರಿನ ಸೈಟು ಮಾರಿದ ಲಾಭ 5 ಲಕ್ಷ, ಒಟ್ಟು 11. ಹಾಗಾದರೆ ಸೊನ್ನೆ ಅಂತ ಹೇಳುತ್ತದೆ. ಆ ರಿಯಾಯಿತಿ ಸೈಟಿನ ದೀರ್ಘಾವಧಿ ಲಾಭಕ್ಕೆ ಇಲ್ಲ. ಶೇ 12.5ರಂತೆ 62,500, ಸೆಸ್ ಸೇರಿ 65,000 ಕಟ್ಟಬೇಕು. ಸೈಟು 2024ರ ಜುಲೈ 23ಕ್ಕೆ ಮುಂಚೆ ಕೊಂಡದ್ದಾದರೆ ಇಂಡೆಕ್ಸೇಷನ್ ಹಾಕಿ (ಕೊಂಡ ಬೆಲೆಯನ್ನು ಬೆಲೆಯೇರಿಕೆಗೆ ತಕ್ಕಂತೆ ಏರಿಸಿ) ಶೇ 20ರ ಲೆಕ್ಕವನ್ನೂ ನೋಡಬಹುದು, ಯಾವುದು ಕಡಿಮೆಯೋ ಅದು.

ಇನ್ನು ಕುಟುಂಬ ಪಿಂಚಣಿ. ಗಂಡ ತೀರಿಕೊಂಡ ಮೇಲೆ ಹೆಂಡತಿಗೆ ಬರುವ ಪಿಂಚಣಿಗೂ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ ಅಂತ ಹೇಳಿತಂತೆ. ಅದು ಸ್ವಂತ ಪಿಂಚಣಿಗೆ. ಕುಟುಂಬ ಪಿಂಚಣಿಗೆ ಹೊಸ ತೆರಿಗೆ ಪದ್ಧತಿಯಲ್ಲಿ ಮೂರನೇ ಒಂದು ಭಾಗ ಅಥವಾ 25,000, ಯಾವುದು ಕಡಿಮೆಯೋ ಅಷ್ಟು. ಬಹಳ ಮಂದಿಗೆ ಕೊನೆಗೆ ತೆರಿಗೆ ಬರುವುದೇ ಇಲ್ಲ ಅನ್ನಿ. ಆದರೂ ರಿಟರ್ನ್‌ನಲ್ಲಿ ತಪ್ಪು ಕಾಲಂಗೆ ಹಾಕಿ ನೋಟಿಸ್ ಬರಿಸಿಕೊಳ್ಳುವುದು ಯಾಕೆ?

ಆಡಿಟ್ ಸೀಸನ್:
ಮೇಡಂ ಹೇಳಿದ್ದೆಲ್ಲ ಸರಿ. ಸಿಎ ಆಗಿ ಒಂದು ಮಾತು ಸೇರಿಸುತ್ತೇನೆ. 2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆ ಹೋಗಿ 2025ರ ಹೊಸ ಕಾಯ್ದೆ ಜಾರಿ. ಸೆಕ್ಷನ್ ನಂಬರ್‌ಗಳೆಲ್ಲ ಬದಲು. ಅರವತ್ತು ವರ್ಷದ ಬರಹ ಹಳೆಯ ನಂಬರಿನಲ್ಲಿದೆ. ಎಐ ಇನ್ನೂ ಬಹಳ ಕಾಲ ಹಳೆ ನಂಬರನ್ನೇ ಒದರುತ್ತದೆ. ಎರಡನ್ನೂ ಬೆರೆಸಿ ಹೇಳಿದರಂತೂ ನಾವೇ ತಡಕಾಡಬೇಕು.

ಓದಿದವರೂ ಮೋಸ ಹೋಗಿದ್ದಾರೆ. 2024ರ ಡಿಸೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಆದೇಶವೊಂದರಲ್ಲಿ ಸುಪ್ರೀಂ ಕೋರ್ಟ್, ಮದ್ರಾಸ್ ಹೈಕೋರ್ಟ್ ತೀರ್ಪುಗಳೆಂದು ಕೊಟ್ಟಿದ್ದು ಹುಡುಕಿದರೆ ಸಿಗಲಿಲ್ಲ. ಎಐಯಿಂದ ಬಂದ ಉಲ್ಲೇಖಗಳು ಎಂದು ಸುದ್ದಿಯಾಯಿತು. ಆದೇಶವನ್ನೇ ವಾಪಸ್ ಪಡೆಯಬೇಕಾಯಿತು. ತೆರಿಗೆಯನ್ನೇ ಉಸಿರಾಡುವ ಕಡೆ ಹೀಗಾದರೆ, ನನ್ನ ಹತ್ತಿರ ಬರುವ ಹಿರಿಯರು "ಇದರಲ್ಲಿ ಕೋರ್ಟ್ ಕೇಸ್ ನಂಬರ್ ಸಹ ಇದೆ ನೋಡಿ" ಅಂದಾಗ ನಾನು ಏನು ಹೇಳಲಿ?

ಕೋಡ್ ಕುಟ್ಟುವವ:
ತಪ್ಪು ಸಿಎಗಳೂ ಮಾಡುತ್ತಾರೆ ಸರ್. ಏಜೆಂಟರಂತೂ ಕಮಿಷನ್‌ಗಾಗಿ ಬೇಕಂತಲೇ ತಪ್ಪು ಪಾಲಿಸಿ ತಲೆಗೆ ಕಟ್ಟುತ್ತಾರೆ. ಎಐಗೆ ಕಮಿಷನ್ ಇಲ್ಲವಲ್ಲ?

ಆಡಿಟ್ ಸೀಸನ್:
ಏಜೆಂಟರ ಮಾತು ಒಪ್ಪುತ್ತೇನೆ, ಅದರಲ್ಲಿ ಜಗಳ ಇಲ್ಲ. ಆದರೆ ನಾನು ತಪ್ಪು ಮಾಡಿದರೆ ನನ್ನ ಮೇಲೆ ಇನ್‌ಸ್ಟಿಟ್ಯೂಟಿಗೆ ದೂರು ಕೊಡಬಹುದು. ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ ನೋಂದಣಿ ಇರುವ ಸಲಹೆಗಾರರ ನಂಬರ್ ಐಎನ್‌ಎ ಎಂದು ಶುರುವಾಗುತ್ತದೆ, ಸೆಬಿ ವೆಬ್‌ಸೈಟಿನಲ್ಲಿ ನೋಡಿಕೊಳ್ಳಬಹುದು. ಅವರು ಎಐ ಬಳಸಿ ಸಲಹೆ ಕೊಟ್ಟರೂ ಹೊಣೆ ಅವರದೇ, ಎಷ್ಟರ ಮಟ್ಟಿಗೆ ಬಳಸುತ್ತಾರೆ ಎಂದು ಗ್ರಾಹಕರಿಗೆ ತಿಳಿಸಬೇಕು. 2024ರ ಡಿಸೆಂಬರ್‌ನಲ್ಲಿ ಸೆಬಿ ನಿಯಮ ಹಾಗೆ ಮಾಡಿತು. ಕೆನಡಾದಲ್ಲಿ 2024ರಲ್ಲಿ ಏರ್ ಕೆನಡಾ ಚಾಟ್‌ಬಾಟ್ ಪ್ರಯಾಣಿಕರೊಬ್ಬರಿಗೆ ರಿಯಾಯಿತಿ ಬಗ್ಗೆ ತಪ್ಪು ಹೇಳಿದಾಗ, ಕಂಪನಿಯೇ ಹೊಣೆ ಅಂತ ಅಲ್ಲಿನ ನ್ಯಾಯಮಂಡಳಿ ಹೇಳಿತು. ಅಲ್ಲಿ ಬಾಟ್ ಆ ಕಂಪನಿಯದೇ, ಟಿಕೆಟ್ಟೂ ಅವರದೇ. ನಿಮ್ಮ ಫೋನಿನ ಉಚಿತ ಆ್ಯಪ್ ಪಿಎಫ್ ಬಗ್ಗೆ ತಪ್ಪು ಹೇಳಿದರೆ ಯಾರನ್ನು ಹಿಡಿಯುತ್ತೀರಿ? ಕೆಳಗೆ ಸಣ್ಣ ಅಕ್ಷರದಲ್ಲಿ "ತಪ್ಪಿರಬಹುದು, ಪರಿಶೀಲಿಸಿ" ಅಂತ ಮೊದಲೇ ಬರೆದಿದ್ದಾರೆ.

ಕಮಿಷನ್ ಇಲ್ಲ ಅನ್ನುವುದನ್ನೂ ಎಷ್ಟು ದಿನ ಹೇಳಬಹುದೋ ನೋಡೋಣ. ಉಚಿತವಾಗಿ ಕೊಡುವವರು ಜಾಹೀರಾತಿನ ಕಡೆ ನೋಡದೆ ಇರುತ್ತಾರಾ?

ಎಡಿಸನ್ ಕನ್ನಡಿಗ:
ನ್ಯೂಜೆರ್ಸಿಯಿಂದ. ಊರಿಗೆ ವಾಪಸ್ ಹೊರಟಿರುವವರು ಇದನ್ನು ಓದಿ. ನನ್ನ ಸ್ನೇಹಿತ ಇಲ್ಲಿ 8 ವರ್ಷ ದುಡಿದ. ಇಲ್ಲಿನ ಸರ್ಕಾರದ ಸೋಷಿಯಲ್ ಸೆಕ್ಯುರಿಟಿ ಪಿಂಚಣಿಗೆ 40 ಕ್ರೆಡಿಟ್ ಬೇಕು, ಅಂದರೆ ಸುಮಾರು 10 ವರ್ಷ. "ಭಾರತ ಮತ್ತು ಅಮೆರಿಕ ನಡುವೆ ಒಪ್ಪಂದ ಇದೆ, ನಿಮ್ಮ ಭಾರತದ ಪಿಎಫ್ ವರ್ಷಗಳನ್ನು ಸೇರಿಸಿಕೊಳ್ಳುತ್ತಾರೆ" ಎಂದು ಎಐ ಹೇಳಿತು. ಅಂಥ ಒಪ್ಪಂದ ಅಮೆರಿಕದ ಜೊತೆ ಜಾರಿಯಲ್ಲಿ ಇಲ್ಲ. ಜರ್ಮನಿ, ಬೆಲ್ಜಿಯಂ ಥರದ ದೇಶಗಳ ಜೊತೆ ಇದೆ. ಅದನ್ನೇ ಇಲ್ಲಿಗೂ ಎಳೆದು ಹೇಳಿರಬೇಕು. ಅವನು ಇಲ್ಲಿನ ವಕೀಲರನ್ನು ಕೇಳಿದ್ದರಿಂದ ಗೊತ್ತಾಯಿತು. ಈಗ ಇನ್ನೆರಡು ವರ್ಷ ನಿಲ್ಲುವ ಯೋಚನೆಯಲ್ಲಿದ್ದಾನೆ.

40 ಕ್ರೆಡಿಟ್ ಆಗಿ ಊರಿಗೆ ಬಂದವರಿಗೆ ಇನ್ನೊಂದು. ಸೋಷಿಯಲ್ ಸೆಕ್ಯುರಿಟಿ ಹಣಕ್ಕೆ ತೆರಿಗೆ ಹಾಕುವ ಹಕ್ಕು ಎರಡು ದೇಶದ ತೆರಿಗೆ ಒಪ್ಪಂದದ 20ನೇ ವಿಧಿ ಪ್ರಕಾರ ಅಮೆರಿಕಕ್ಕೆ ಮಾತ್ರ. ಖಾಸಗಿ ಪಿಂಚಣಿಗೆ ಹಾಗಲ್ಲ, ನೀವು ನೆಲೆಸಿರುವ ದೇಶಕ್ಕೆ. ಬಾಟ್ ಎರಡನ್ನೂ ಒಂದೇ ಮಾಡಿ ಹೇಳುವುದನ್ನು ನಾನೇ ನೋಡಿದ್ದೇನೆ.

ಎನ್‌ಪಿಎಸ್ ಸದಸ್ಯ:
ನನ್ನದು ಖಾಸಗಿ ಕಂಪನಿಯ ಎನ್‌ಪಿಎಸ್. 60 ವರ್ಷಕ್ಕೆ ಶೇ 60 ಕೈಗೆ, ಶೇ 40 ಕಡ್ಡಾಯವಾಗಿ ಆನ್ಯುಟಿಗೆ (ತಿಂಗಳ ಪಿಂಚಣಿ ಕೊಳ್ಳಲು) ಅಂತ ಎಐ ಹೇಳುತ್ತಿದೆ. ಸರಿಯಾ?

ಆಡಿಟ್ ಸೀಸನ್:
ಸರ್ಕಾರಿ ನೌಕರರಿಗೆ ಹೌದು. ನಿಮ್ಮಂಥವರಿಗೆ 2025ರ ಡಿಸೆಂಬರ್‌ನಲ್ಲಿ ನಿಯಮ ಬದಲಾಯಿತು. ಶೇ 80ರವರೆಗೆ ಕೈಗೆ ತೆಗೆಯಬಹುದು, ಆನ್ಯುಟಿಗೆ ಕನಿಷ್ಠ ಶೇ 20. ಒಟ್ಟು ಹಣ 8 ಲಕ್ಷದ ಒಳಗಿದ್ದರೆ ಪೂರ್ತಿ ತೆಗೆಯಬಹುದು. ಆದರೆ ಆ ನಿಯಮ ಬಂದಾಗ ತೆರಿಗೆ ವಿನಾಯಿತಿ ಶೇ 60ಕ್ಕೆ ಮಾತ್ರ ಇತ್ತು. ಹೆಚ್ಚಿನ ಶೇ 20 ತೆಗೆಯುವ ಮುಂಚೆ ಆ ವರ್ಷದ ತೆರಿಗೆ ನಿಯಮ ಏನು ಅಂತ ಕೇಳಿಕೊಳ್ಳಿ. ಆನ್ಯುಟಿ ಒಮ್ಮೆ ಕೊಂಡರೆ ಸಾಮಾನ್ಯವಾಗಿ ಹಿಂದಕ್ಕೆ ಕೊಡುವ ಮಾತಿಲ್ಲ. ಇಂಥ ಕಡೆ ಅವಸರ ಬೇಡ.

ಟೈಮ್ ಆಫೀಸ್ ಹಳಬ:
ಪಿಎಫ್‌ನಲ್ಲೂ ಹಾಗೇ. ಕೆಲಸ ಬಿಟ್ಟು ಎರಡು ತಿಂಗಳಿಗೆ ಪೂರ್ತಿ ಪಿಎಫ್ ತೆಗೆಯಬಹುದು ಅಂತ ಇನ್ನೂ ಎಲ್ಲ ಕಡೆ ಬರೆದಿದೆ. 2025ರ ಅಕ್ಟೋಬರ್‌ನಲ್ಲಿ ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಮಂಡಳಿ ಅದನ್ನು 12 ತಿಂಗಳು, ಪಿಂಚಣಿ ಭಾಗಕ್ಕೆ 36 ತಿಂಗಳು ಮಾಡಲು ತೀರ್ಮಾನಿಸಿತು. ಇನ್ನು 10 ವರ್ಷ ಸೇವೆ ದಾಟಿದವರಿಗೆ ಪಿಂಚಣಿ ಭಾಗವನ್ನು ಫಾರ್ಮ್ 10ಸಿ ಹಾಕಿ ಒಂದೇ ಗಂಟಾಗಿ ತೆಗೆಯಲು ಬರುವುದೇ ಇಲ್ಲ. ಆದರೂ "10ಸಿ ಹಾಕಿ ಹಣ ತೆಗೆಯಿರಿ" ಅಂತ ಎಐ ಹೇಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ಫಾರ್ಮ್ ರಿಜೆಕ್ಟ್ ಆಗಿ ಮುಗಿಯುತ್ತದೆ, ದೊಡ್ಡ ನಷ್ಟವಿಲ್ಲ. ನನಗೆ ಹೆದರಿಕೆ ರಿಜೆಕ್ಟ್ ಆಗದೆ ಪಾಸಾಗುವ ತಪ್ಪು ಫಾರ್ಮ್‌ಗಳದು. 53ಕ್ಕೆ ಹಾಕಿದ 10ಡಿ ಪಾಸಾಗುತ್ತದೆ. 9 ವರ್ಷ ಚಿಲ್ಲರೆ ಸೇವೆ ಇದ್ದವರು ಹಾಕಿದ 10ಸಿ ಪಾಸಾಗುತ್ತದೆ. ಇನ್ನೊಂದಿಷ್ಟು ತಿಂಗಳು ದುಡಿದಿದ್ದರೆ ಜೀವನಪೂರ್ತಿ ಪಿಂಚಣಿ ಬರುತ್ತಿತ್ತು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ.

ಮಲ್ಲೇಶ್ವರದ ಮೊಮ್ಮಗಳು:
ನಮ್ಮ ತಾತ ಪಿಪಿಒ (ಪಿಂಚಣಿ ಮಂಜೂರಾತಿ ಪತ್ರ), ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಫೋಟೋ ತೆಗೆದು ಚಾಟ್‌ಗೆ ಹಾಕಿ "ನನ್ನ ಅರಿಯರ್ಸ್ ಎಷ್ಟು?" ಅಂತ ಕೇಳಿದ್ದಾರೆ. ಅಳಿಸಿದರೆ ಸಾಕಾ?

ಕೋಡ್ ಕುಟ್ಟುವವ:
ಮೊದಲು ಚಾಟ್ ಅಳಿಸಿ. ಸೆಟ್ಟಿಂಗ್ಸ್‌ನಲ್ಲಿ ನಮ್ಮ ಮಾತನ್ನು ತರಬೇತಿಗೆ ಬಳಸುವ ಆಯ್ಕೆ ಇರುತ್ತದೆ, ಅದನ್ನು ಆಫ್ ಮಾಡಿ. ಆ ಚಾಟ್‌ನ ಲಿಂಕ್ ಯಾರಿಗಾದರೂ ಕಳಿಸಿದ್ದಾರಾ ಕೇಳಿ. 2025ರಲ್ಲಿ ಚಾಟ್‌ಜಿಪಿಟಿಯಲ್ಲಿ ಜನ ಹಂಚಿಕೊಂಡ ಚಾಟ್‌ಗಳು ಗೂಗಲ್ ಹುಡುಕಾಟದಲ್ಲಿ ಸಿಗುತ್ತಿದ್ದವು. ಸುದ್ದಿಯಾದ ಮೇಲೆ ಕಂಪನಿ ಆ ಸೌಲಭ್ಯ ತೆಗೆಯಿತು. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಬಿಡಿ, ಬೇಕಾದಾಗ ತೆಗೆಯಬಹುದು. ನಮ್ಮ ಹಣಕಾಸು ಸಚಿವಾಲಯವೇ 2025ರ ಜನವರಿಯಲ್ಲಿ ತನ್ನ ಸಿಬ್ಬಂದಿಗೆ ಆಫೀಸಿನ ಕಂಪ್ಯೂಟರ್‌ನಲ್ಲಿ ಇಂಥ ಆ್ಯಪ್ ಬಳಸಬೇಡಿ ಅಂತ ಸುತ್ತೋಲೆ ಕಳಿಸಿತ್ತು. ಅವರು ಕಡತಕ್ಕೆ ಹೆದರಿದರೆ ನಾವು ಪಾಸ್‌ಬುಕ್‌ಗಾದರೂ ಹೆದರಬೇಡವೇ?

ಲೆಕ್ಕ ಕೇಳಲು ಹೆಸರು, ನಂಬರ್ ಬೇಕಾಗಿಲ್ಲ. ಸೇರಿದ ವರ್ಷ, ಬಿಟ್ಟ ವರ್ಷ, ಮೂಲ ವೇತನ ಟೈಪ್ ಮಾಡಿದರೆ ಸಾಕು.

ಕೌಂಟರ್ ನಂಬರ್ 4:
ಫೋನ್ ನಂಬರ್ ವಿಷಯವೂ ಹೇಳಿ. "ಪಿಎಫ್ ಕಸ್ಟಮರ್ ಕೇರ್ ನಂಬರ್" ಅಂತ ಎಐಯನ್ನು ಕೇಳಿ ಬಂದ ನಂಬರಿಗೆ ಫೋನ್ ಮಾಡಬೇಡಿ. ಕಳ್ಳರು ನೆಟ್ ತುಂಬಾ ತಮ್ಮ ನಂಬರ್ ಬಿತ್ತಿರುತ್ತಾರೆ. ಎಐ ಅದನ್ನೇ ಎತ್ತಿ ಕೊಡಬಹುದು. ಇಪಿಎಫ್‌ಒ ಸಹಾಯವಾಣಿ 14470. ವಂಚನೆಯಲ್ಲಿ ಹಣ ಹೋದರೆ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930. ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು, ಹಣ ಮುಂದಿನ ಖಾತೆಗೆ ಹೋಗುವ ಮುಂಚೆ ತಡೆಯಲು ಅವಕಾಶ ಇರುತ್ತದೆ.

ಆಮೇಲೆ ಆ ವಿಡಿಯೋಗಳು. ನಾರಾಯಣ ಮೂರ್ತಿಯವರು ಟ್ರೇಡಿಂಗ್ ಆ್ಯಪ್ ಬಗ್ಗೆ ಮಾತಾಡುವ ಥರ ಎಐಯಿಂದ ಮಾಡಿದ ಸುಳ್ಳು ವಿಡಿಯೋ ಬಂದಿತ್ತು. ಅವರೇ 2023ರ ಡಿಸೆಂಬರ್‌ನಲ್ಲಿ ನಂಬಬೇಡಿ ಅಂತ ಹೇಳಿದರು. ಗವರ್ನರ್ ಮುಖ ಇಟ್ಟ ವಿಡಿಯೋಗಳ ಬಗ್ಗೆ ರಿಸರ್ವ್ ಬ್ಯಾಂಕ್ 2024ರಲ್ಲಿ ಎಚ್ಚರಿಸಿತು. ನಿವೃತ್ತಿ ಹಣ ಬಂದ ಹೊಸದರಲ್ಲಿ ಇವೆಲ್ಲ ಅದು ಹೇಗೋ ನಮ್ಮ ಫೋನಿಗೇ ಹುಡುಕಿಕೊಂಡು ಬರುತ್ತವೆ.

ಪೀಣ್ಯ ಫಿಟ್ಟರ್:
ಸರ್, ಮೇಡಂ, ಎಲ್ಲರಿಗೂ ಥ್ಯಾಂಕ್ಸ್. 10ಡಿ ಹಾಕುತ್ತಿಲ್ಲ. ಟೈಮ್ ಆಫೀಸ್ ಸರ್, ಒಂದು ವಿಷಯ. 2004ರಿಂದ 2006ರವರೆಗೆ ರಾಜಾಜಿನಗರದ ಒಂದು ಸಣ್ಣ ಫ್ಯಾಕ್ಟರಿಯಲ್ಲಿದ್ದೆ. ಅಲ್ಲೂ ಪಿಎಫ್ ಹಿಡಿಯುತ್ತಿದ್ದರು. ಆಗ ಯುಎಎನ್ ಎಲ್ಲ ಇರಲಿಲ್ಲ. ಪಾಸ್‌ಬುಕ್‌ನಲ್ಲಿ ಅದು ಕಾಣುತ್ತಿಲ್ಲ. ಅದು ಲೆಕ್ಕಕ್ಕೆ ಬರುತ್ತದಾ?

ಟೈಮ್ ಆಫೀಸ್ ಹಳಬ:
ಇದನ್ನು ಮೊದಲೇ ಹೇಳಬೇಕಿತ್ತಲ್ಲ ಮಾರಾಯರೇ! ಆ ಪಿಎಫ್ ಹಣ ತೆಗೆದಿದ್ದೀರಾ? ತೆಗೆದಿದ್ದರೆ ಪಿಎಫ್ ಹಣಕ್ಕೆ ಹಾಕುವ ಫಾರ್ಮ್ 19 ಒಂದೇ ಹಾಕಿದ್ದಾ, ಜೊತೆಗೆ 10ಸಿ ಕೂಡಾ ಹಾಕಿದ್ದಾ?

ಪೀಣ್ಯ ಫಿಟ್ಟರ್:
ಹಣ ಬಂದ ನೆನಪಿದೆ. ಎರಡು ಫಾರ್ಮ್ ಹಾಕಿದ್ದೆನಾ ನೆನಪಿಲ್ಲ. ಆಗಿನ ಸ್ಲಿಪ್ ಒಂದು ಟ್ರಂಕ್‌ನಲ್ಲಿರಬೇಕು.

ಟೈಮ್ ಆಫೀಸ್ ಹಳಬ:
10ಸಿ ಹಾಕಿ ಪಿಂಚಣಿ ಭಾಗವನ್ನೂ ತೆಗೆದಿದ್ದರೆ ಆ ಸೇವೆ ಮುಗಿಯಿತು. ಬರೀ 19 ಹಾಕಿದ್ದರೆ ಪಿಂಚಣಿ ಸೇವೆ ಇನ್ನೂ ಜೀವಂತ ಇರಬಹುದು. ಹಾಗಿದ್ದರೆ ನಿಮ್ಮದು ಈಗಲೇ 20 ವರ್ಷದ ಹತ್ತಿರ, ಎರಡು ವರ್ಷದ ಬೋನಸ್ ಮಾತು ಬರುತ್ತದೆ. ಸೇರಿದ, ಬಿಟ್ಟ ತಿಂಗಳುಗಳು ಮುಖ್ಯ. 6 ತಿಂಗಳು ಅಥವಾ ಜಾಸ್ತಿ ಇದ್ದರೆ ಒಂದು ವರ್ಷ ಅಂತ ಹಿಡಿಯುತ್ತಾರೆ.

ಟ್ರಂಕ್ ಹುಡುಕಿ ಆ ಹಳೆ ಪಿಎಫ್ ನಂಬರ್ ತೆಗೆಯಿರಿ. ಪೋರ್ಟಲ್‌ನಲ್ಲಿ ಸರ್ವಿಸ್ ಹಿಸ್ಟರಿ ನೋಡಿ ಪ್ರಿಂಟ್ ತೆಗೆದುಕೊಳ್ಳಿ. ಪ್ರತಿ ತಿಂಗಳು 27ಕ್ಕೆ ಇಪಿಎಫ್‌ಒದವರು "ನಿಧಿ ಆಪ್ಕೆ ನಿಕಟ್" ಅಂತ ಜಿಲ್ಲೆಗಳಲ್ಲಿ ಸಭೆ ಇಡುತ್ತಾರೆ. ಅಂದು ರಜೆ ಇದ್ದರೆ ಮುಂದಿನ ಕೆಲಸದ ದಿನ. ಅಲ್ಲಿಗೆ ಹೋಗಿ ಹಳೆ ಸೇವೆಯ ವಿವರ ಇರುವ ಅನೆಕ್ಷರ್ ಕೆ ತರಿಸಿಕೊಡಿ ಅಂತ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಆಧಾರ್‌ನಲ್ಲಿರುವ ಹೆಸರಿಗೂ ಹಳೆ ಸ್ಲಿಪ್‌ನ ಹೆಸರಿಗೂ ಇನಿಷಿಯಲ್ ವ್ಯತ್ಯಾಸ ಇದ್ದರೆ ಅದನ್ನೂ ಅಂದೇ ಕೇಳಿ.

ಕೋಡ್ ಕುಟ್ಟುವವ:
ಆ ಅರ್ಜಿ ಬರೆಯಲು ಎಐ ಬಳಸಬಹುದು ಅಂದರೆ ಎಲ್ಲರೂ ಹೊಡೆಯಲು ಬರುತ್ತೀರಾ?

ಟೈಮ್ ಆಫೀಸ್ ಹಳಬ:
ಬಳಸಪ್ಪಾ. ಇಂಗ್ಲಿಷ್ ಅರ್ಜಿ ಚೆನ್ನಾಗಿಯೇ ಬರೆಯುತ್ತದೆ, ನಮ್ಮ ಹಳೆ ಟೈಪಿಸ್ಟ್‌ಗಿಂತ ವಾಸಿ. ನಂಬರ್, ದಿನಾಂಕ ಮಾತ್ರ ಫಿಟ್ಟರ್ ಅವರೇ ಪೆನ್ನಿನಲ್ಲಿ ತುಂಬಲಿ. ಅದು ತುಂಬಿದರೆ ಯಾವುದೋ ನಂಬರ್ ಹಾಕಿಬಿಡುತ್ತದೆ.

ಮಲ್ಲೇಶ್ವರದ ಮೊಮ್ಮಗಳು:
ಕೊನೆಗೆ ಒಂದು ಸಣ್ಣ ಪ್ರಶ್ನೆ. ನಮ್ಮ ಇನ್ನೊಂದು ಕಡೆಯ ಅಜ್ಜಿಗೆ ಪಿಎಫ್‌ನ ವಿಧವಾ ಪಿಂಚಣಿ ಬರುತ್ತದೆ. ಬದುಕಿದ್ದಾರೆ ಅಂತ ತೋರಿಸುವ ಜೀವನ ಪ್ರಮಾಣ ಪತ್ರ ನವೆಂಬರ್‌ನಲ್ಲೇ ಕೊಡಬೇಕು, ಇಲ್ಲದಿದ್ದರೆ ನಿಂತುಹೋಗುತ್ತದೆ ಅಂತ ಎಐ ಹೇಳಿತು. ನಾವು ಕಳೆದ ಬಾರಿ ಫೆಬ್ರವರಿಯಲ್ಲಿ ಕೊಟ್ಟಿದ್ದು.

ಟೈಮ್ ಆಫೀಸ್ ಹಳಬ:
ನವೆಂಬರ್ ಸರ್ಕಾರಿ ಪಿಂಚಣಿದಾರರ ರೂಢಿ. ಪಿಎಫ್ ಪಿಂಚಣಿಗೆ ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಫೆಬ್ರವರಿ ಮುಗಿಯುವ ಮುಂಚೆ ಮತ್ತೆ ಕೊಡಿ. ಅಜ್ಜಿಗೆ ಬೆರಳಚ್ಚು ಹಿಡಿಯದಿದ್ದರೆ ಫೋನಿನಲ್ಲಿ ಮುಖ ತೋರಿಸಿ ಮಾಡಬಹುದು. ಮಾಡುವಾಗ ಪಿಪಿಒ ನಂಬರ್ ಸರಿಯಾಗಿ ಹಾಕಿ. ಬ್ಯಾಂಕಿನ ಖಾತೆ ನಂಬರ್ ಹಾಕಿ ಸಿಕ್ಕಿಹಾಕಿಕೊಳ್ಳುವವರು ಬಹಳ ಮಂದಿ.